ಹಸಿರು ಕಂಡರೆ ಸಾಕೆ? ನಮ್ಮ ಮರಗಳ ಆರೋಗ್ಯವನ್ನು ಅರಿಯುವ ಬಗೆ

ಮುಳಬಾಗಿಲಿನಿಂದ ಮೂಡಣಕ್ಕೆ ಸಾಗುವ ಹೆದ್ದಾರಿಯಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಿರುವ ಊರು ನಂಗಲಿ. ಹೊಯ್ಸಳ ದೊರೆ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಎಲ್ಲೆಗಳನ್ನು ಹೇಳುವಾಗ ಪೂರ್ವದ ಎಲ್ಲೆಯಾಗಿ ನಂಗಲಿಯ ಘಟ್ಟವನ್ನು ಹೆಸರಿಸುತ್ತವೆ. ನಮ್ಮ ಹಿರಿಯರು ರಾಜ್ಯದ ಎಲ್ಲೆಯನ್ನು ಕಲ್ಲಿನಲ್ಲಿ ಕೆತ್ತಿಸಿದರು. ದತ್ತಿ ಬಿಟ್ಟ ಭೂಮಿಯ ಅಳತೆಯನ್ನೂ ಕೆರೆಯ ತೂಬಿನ ಹಕ್ಕನ್ನೂ ಬರೆಸಿಟ್ಟರು. ಎಲ್ಲೆಯೊಳಗಿನ ಕಾಡಿನಲ್ಲಿ ಎಷ್ಟು ಮರಗಳಿವೆ, ಅವು ಹೇಗಿವೆ ಎಂಬುದನ್ನು ಮಾತ್ರ ಬರೆಸುವ ಅಗತ್ಯ ಅವರಿಗೆ ಕಾಣಲಿಲ್ಲ. ಕಾಡು ಎಂದೆಂದಿಗೂ ಇರುವುದೆಂಬ ನೆಮ್ಮದಿ ಅವರಿಗಿದ್ದಿರಬೇಕು. ಆ ನೆಮ್ಮದಿ ಇಂದು ನಮಗಿಲ್ಲ. ಆದರೂ ಬರೆದಿಡುವ ಅಭ್ಯಾಸ ಮಾತ್ರ ನಮಗಿನ್ನೂ ಬಂದಿಲ್ಲ.

ಜೀವನದಿಯೊಂದಿಲ್ಲದ ಕೋಲಾರ ಸೀಮೆಯಲ್ಲಿ ಬಾವಿಯ ನೀರು, ಕೆರೆಯ ಹೂಳು, ದನಕರುಗಳ ಮೇವು, ಬೇಸಿಗೆಯ ನೆರಳು ಇವೆಲ್ಲವೂ ಗುಡ್ಡದ ಮೇಲಿನ ಮರಗಳ ಸ್ಥಿತಿಯನ್ನು ಅವಲಂಬಿಸಿವೆ. ಬೆಟ್ಟ ಬೋಳಾದರೆ ಮಳೆಯ ನೀರು ಮಣ್ಣನ್ನು ಹೊತ್ತುಕೊಂಡು ಕೆರೆಗೆ ಇಳಿಯುತ್ತದೆ. ಕೆರೆ ತುಂಬಿದಂತೆ ಕಂಡರೂ ತಳದಲ್ಲಿ ಹೂಳು ಕುಳಿತಿರುತ್ತದೆ. ಆದಕಾರಣ ಕಾಡಿನ ಆರೋಗ್ಯವೆಂಬುದು ಅರಣ್ಯ ಇಲಾಖೆಯೊಂದರ ಚಿಂತೆಯಲ್ಲ. ಅದು ಪ್ರತಿಯೊಂದು ಮನೆಯ ಚಿಂತೆ. ಈ ಆರೋಗ್ಯವನ್ನು ಅರಿಯುವುದು ಹೇಗೆಂಬುದೇ ಈ ಲೇಖನದ ವಿಷಯ.

ಒಂದು ನೋಟಕ್ಕೆ ಸಿಕ್ಕದ ಆರೋಗ್ಯ

ಹಿಮಾಲಯದ ಪೈನ್, ದೇವದಾರು ಮರಗಳಿಗೆ ಸೂಜಿಯಂತಹ ಎಲೆಗಳು. ನಮ್ಮ ನಾಡಿನ ಕಾಡುಗಳಾದರೋ ಅಗಲ ಎಲೆಯ ಮರಗಳ ಕಾಡುಗಳು. ಮತ್ತಿ, ದಿಂಡಿಗ, ತೇಗ, ನಂದಿ, ಬಿಲ್ವ, ಮುತ್ತುಗ, ಹೊಂಗೆ, ಹಿಪ್ಪೆ, ಬೇವು, ಶ್ರೀಗಂಧ ಎಲ್ಲವೂ ಈ ಕುಲಕ್ಕೆ ಸೇರಿದವು. ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್ ಮಳೆ ಬೀಳುವ ಕೋಲಾರದಂತಹ ಒಣಸೀಮೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಬೇಸಿಗೆಗೆ ಮುನ್ನ ಎಲೆ ಉದುರಿಸುತ್ತವೆ. ನೀರಿಲ್ಲದ ತಿಂಗಳುಗಳನ್ನು ಕಳೆಯಲು ಮರಕ್ಕೆ ಅದೊಂದು ಉಪಾಯ. ಮಾಘದಲ್ಲಿ ಬೋಳಾಗಿ ನಿಂತ ಮರವನ್ನು ಕಂಡು ಸತ್ತಿತೆಂದು ಭಾವಿಸುವುದು ಎಷ್ಟು ತಪ್ಪೋ, ಆಶ್ವಿನದಲ್ಲಿ ಹಸಿರಾಗಿ ಕಂಡದ್ದೆಲ್ಲ ಸುಖವಾಗಿದೆಯೆಂದು ಭಾವಿಸುವುದೂ ಅಷ್ಟೇ ತಪ್ಪು.

ವೈದ್ಯನು ರೋಗಿಯನ್ನು ಒಮ್ಮೆ ನೋಡಿ ಮೈ ಬಿಸಿಯಾಗಿದೆ ಎನ್ನಬಲ್ಲ. ಜ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಹೇಳಲು ನಿನ್ನೆಯ ಅಳತೆ ಬೇಕು, ಮೊನ್ನೆಯ ಅಳತೆ ಬೇಕು. ಕಾಡಿನ ವಿಷಯದಲ್ಲಿ ಆ ನಿನ್ನೆ ಮೊನ್ನೆಗಳು ಹತ್ತು ಇಪ್ಪತ್ತು ವರ್ಷಗಳಷ್ಟು ದೀರ್ಘವಾದವು. ಮರದ ಆಯುಸ್ಸು ಮನುಷ್ಯನ ನೆನಪಿಗಿಂತ ಉದ್ದ. ಆದುದರಿಂದ ನೆನಪನ್ನು ನಂಬದೆ ಪುಸ್ತಕವನ್ನು ನಂಬಬೇಕಾಗುತ್ತದೆ. ಈ ಮಾತಿಗೆ ನಮ್ಮ ನಾಡಿನಲ್ಲಿಯೂ ನೆರೆಯಲ್ಲಿಯೂ ಒಳ್ಳೆಯ ನಿದರ್ಶನಗಳಿವೆ.

ಕೋಲಾರದ ನೀಲಗಿರಿಯ ಪಾಠ

ಮೊದಲನೆಯದು ನಮ್ಮ ಮನೆಯಂಗಳದ್ದೇ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂದಿತೆನ್ನಲಾದ ನೀಲಗಿರಿ ಮರವು, ಸಾಮಾಜಿಕ ಅರಣ್ಯ ಯೋಜನೆಯ ದಿನಗಳಲ್ಲಿ ಕೋಲಾರ ಜಿಲ್ಲೆಯ ಹೊಲಗಳನ್ನು ವ್ಯಾಪಿಸಿತು. ರಾಗಿ ಬೆಳೆಯುತ್ತಿದ್ದ ಭೂಮಿಯಲ್ಲಿ ಕಂಬದಂತಹ ಮರಗಳು ಸಾಲುಗಟ್ಟಿ ನಿಂತವು. ನೋಡುವ ಕಣ್ಣಿಗೆ ಜಿಲ್ಲೆ ಹಸಿರಾಯಿತು. 1981ರಲ್ಲಿಯೇ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯಿಂದ ಹೊರಬಂದ ವರದಿಯೊಂದರಲ್ಲಿ ವಂದನಾ ಶಿವ, ಎಚ್. ಸಿ. ಶರತ್ಚಂದ್ರ ಮತ್ತು ಜೆ. ಬಂದ್ಯೋಪಾಧ್ಯಾಯರು ಕೋಲಾರದ ಈ ಹಸಿರನ್ನು ಪ್ರಶ್ನಿಸಿದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿಯ ಸಸಿಗಳನ್ನು ಕಿತ್ತರು. ಒಂದು ಪಕ್ಷದವರು ಅದನ್ನು ಬಂಗಾರದ ಮರವೆಂದರು, ಇನ್ನೊಂದು ಪಕ್ಷದವರು ನೀರು ಕುಡಿಯುವ ರಾಕ್ಷಸನೆಂದರು. ವಾದ ಜೋರಾಯಿತು, ಅಳತೆ ಮಾತ್ರ ಇರಲಿಲ್ಲ.

ಅಳತೆ ನಡೆದದ್ದು ಅನಂತರ. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಅವರ ಸಂಗಡಿಗರು ಕರ್ನಾಟಕದ ಅರಣ್ಯ ಇಲಾಖೆಯೊಡನೆ ಕೂಡಿ, ಶಿವಮೊಗ್ಗ ಕಡೆಯ ತಾಣಗಳಲ್ಲಿಯೂ ಕೋಲಾರಕ್ಕೆ ನೆರೆಯಾದ ಹೊಸಕೋಟೆಯಲ್ಲಿಯೂ ಮರಗಳು ಎಳೆಯುವ ನೀರನ್ನು ವರ್ಷಗಟ್ಟಲೆ ಅಳೆದರು. ಮಣ್ಣು ಹೆಚ್ಚು ಆಳವಿಲ್ಲದ ಕಡೆ ನೀಲಗಿರಿಯು ಸ್ಥಳೀಯ ಎಲೆ ಉದುರಿಸುವ ಕಾಡಿನಷ್ಟೇ ನೀರನ್ನು ಬಳಸುತ್ತಿತ್ತು. ಅದು ರಾಗಿಯಂತಹ ಬೆಳೆ ಬಳಸುವ ನೀರಿನ ಸುಮಾರು ಎರಡರಷ್ಟು. ಎಂಟು ಮೀಟರಿಗೂ ಮಿಕ್ಕಿ ಆಳವಾದ ಮಣ್ಣಿದ್ದ ಹೊಸಕೋಟೆಯಲ್ಲಿಯಾದರೋ ಎಳೆಯ ನೀಲಗಿರಿ ತೋಪು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಖರ್ಚು ಮಾಡಿತ್ತು. ಬೇರುಗಳು ಪ್ರತಿವರ್ಷವೂ ಇನ್ನಷ್ಟು ಆಳಕ್ಕಿಳಿದು, ಹಿಂದಿನ ವರ್ಷಗಳ ಮಳೆ ಮಣ್ಣಿನಲ್ಲಿ ಕೂಡಿಟ್ಟಿದ್ದ ನೀರನ್ನು ಹೀರುತ್ತಿದ್ದುವು. ಗಳಿಕೆಯ ಮೇಲೆ ಬದುಕದೆ ಇಡುಗಂಟನ್ನು ತಿನ್ನುವ ಸಂಸಾರದ ಹಾಗೆ.

ಈ ಅಳತೆಯಿಂದ ಎರಡೂ ಪಕ್ಷದವರ ಮಾತು ತೂಕಕ್ಕೆ ಬಂದಿತು. ಮರ ಎಲ್ಲೆಡೆಯೂ ರಾಕ್ಷಸನಲ್ಲ. ನಮ್ಮ ಆಳವಾದ ಮಣ್ಣಿನ ಬಯಲುಸೀಮೆಯಲ್ಲಿ ಮಾತ್ರ ಅದು ಭರಿಸಲಾಗದ ಅತಿಥಿ. 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. 1981ರ ಪ್ರಶ್ನೆಗೂ 2017ರ ಆದೇಶಕ್ಕೂ ನಡುವೆ ಮೂವತ್ತಾರು ವರ್ಷಗಳು ಸಂದಿದ್ದುವು ಎಂಬುದನ್ನು ಓದುಗರು ಗಮನಿಸಬೇಕು. ಅಷ್ಟು ಕಾಲದಲ್ಲಿ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದು, ಅವುಗಳ ಆಳವೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಯಿತು. ಅದಕ್ಕೆ ನೀಲಗಿರಿಯೊಂದೇ ಕಾರಣವಲ್ಲ. ಆದರೆ ಹಸಿರು ಹೆಚ್ಚಿದ್ದನ್ನು ಎಣಿಸಿದವರು, ಅದರ ಕೆಳಗೆ ನೀರು ಕುಸಿದದ್ದನ್ನೂ ಎಣಿಸಬೇಕಾಗಿತ್ತು.

ಆಕಾಶದಿಂದ ಎಣಿಸುವ ಲೆಕ್ಕಕ್ಕೂ ಇದೇ ಮಿತಿಯುಂಟು. ಭಾರತೀಯ ಅರಣ್ಯ ಸರ್ವೇಕ್ಷಣೆಯು 1987ರಿಂದ ಉಪಗ್ರಹಚಿತ್ರಗಳ ನೆರವಿನಿಂದ ದೇಶದ ಕಾಡಿನ ವರದಿಯನ್ನು ಪ್ರಕಟಿಸುತ್ತ ಬಂದಿದೆ. ಅದು ಬಹಳ ಉಪಯುಕ್ತವಾದ ಕೆಲಸ. ಆದರೆ ಕನಿಷ್ಠ ಒಂದು ಹೆಕ್ಟೇರ್ ವಿಸ್ತಾರವಿದ್ದು, ಅದರಲ್ಲಿ ಶೇ. 10ರಷ್ಟು ನೆಲಕ್ಕೆ ಮರಗಳ ಮೇಲ್ಛಾವಣಿಯಿದ್ದರೆ, ಮರ ಯಾವುದೇ ಆಗಲಿ, ಭೂಮಿ ಯಾರದೇ ಆಗಲಿ, ಅದು ಅರಣ್ಯ ಹೊದಿಕೆಯ ಲೆಕ್ಕಕ್ಕೆ ಸೇರುತ್ತದೆ. ಶ್ರೀನಿವಾಸಪುರದ ಮಾವಿನ ತೋಟವೂ ನೀಲಗಿರಿಯ ಸಾಲೂ ಬೆಟ್ಟದ ಹಳೆಯ ಕಾಡೂ ಈ ಲೆಕ್ಕದಲ್ಲಿ ಒಂದೇ. ಎಷ್ಟು ಹಸಿರಿದೆಯೆಂಬುದನ್ನು ಉಪಗ್ರಹ ಹೇಳುತ್ತದೆ. ಆ ಹಸಿರಿನ ಕೆಳಗೆ ಮುಂದಿನ ತಲೆಮಾರಿನ ಗಿಡ ಹುಟ್ಟಿದೆಯೇ ಎಂಬುದನ್ನು ತಿಳಿಯಲು ನಡೆದುಹೋಗಿ ಬಗ್ಗಿ ನೋಡಬೇಕು.

ಮುದುಮಲೆಯ ಮರಗಣತಿ

ಹಾಗೆ ಬಗ್ಗಿ ನೋಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ನಮ್ಮ ಬಂಡೀಪುರಕ್ಕೆ ತಾಗಿಕೊಂಡಿರುವ ತಮಿಳುನಾಡಿನ ಮುದುಮಲೆ ಕಾಡಿನಲ್ಲಿ, ಪ್ರೊಫೆಸರ್ ಆರ್. ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ, ಅಂದರೆ 50 ಹೆಕ್ಟೇರ್ ವಿಸ್ತಾರದ ಒಂದು ತುಂಡನ್ನು ಗುರುತುಮಾಡಿದರು. ಅದರೊಳಗೆ ಬೆರಳಿನಷ್ಟು ದಪ್ಪವಿರುವ, ಅಂದರೆ ಒಂದು ಸೆಂಟಿಮೀಟರ್ ವ್ಯಾಸ ಮೀರಿದ ಪ್ರತಿಯೊಂದು ಕಾಂಡಕ್ಕೂ ಸಂಖ್ಯೆಯ ತಗಡನ್ನು ಕಟ್ಟಿ, ಜಾತಿಯನ್ನು ಗುರುತಿಸಿ, ದಪ್ಪವನ್ನು ಅಳೆದು ಬರೆದರು. ಮೊದಲ ಗಣತಿಯಲ್ಲಿ ಸುಮಾರು 26,000 ಕಾಂಡಗಳು ಸಿಕ್ಕಿದುವು. ಅನಂತರ ಪ್ರತಿವರ್ಷವೂ ಸತ್ತ ಮರ ಯಾವುದು, ಹೊಸದಾಗಿ ಗಣತಿಗೆ ಬಂದ ಗಿಡ ಯಾವುದು ಎಂದು ನೋಡುವುದು. ನಾಲ್ಕು ವರ್ಷಗಳಿಗೊಮ್ಮೆ ಎಲ್ಲವನ್ನೂ ಮರಳಿ ಅಳೆಯುವುದು. ಪನಾಮಾ ದೇಶದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರ ಸುಮಾರಿಗೆ ಪ್ರಾರಂಭವಾದ ಪದ್ಧತಿಯೇ ಇದಕ್ಕೆ ಮಾದರಿ.

ಈ ಪುಸ್ತಕದಲ್ಲಿ ಕಂಡ ಸಂಗತಿಗಳು ಒಂದು ದಿನದ ಪ್ರವಾಸಿಗೆ ಎಂದಿಗೂ ಕಾಣುವಂಥವಲ್ಲ. ಮೊದಲ ಗಣತಿಯಲ್ಲಿ ಐದು ಸಾವಿರಕ್ಕೂ ಹೆಚ್ಚಿದ್ದು ಎಲ್ಲಕ್ಕಿಂತ ಮುಂದಿದ್ದ ಬೆಂಡೆಮರವು, ಆನೆಗಳಿಗೆ ಪ್ರಿಯವಾದ ಆಹಾರವಾದುದರಿಂದ, ಮುಂದಿನ ವರ್ಷಗಳಲ್ಲಿ ತೀವ್ರವಾಗಿ ಕಡಿಮೆಯಾಯಿತು. ಕಾಡಿನ ಕಿಚ್ಚು ಹಬ್ಬಿದ ವರ್ಷಗಳಲ್ಲಿ ದೊಡ್ಡ ಮರಗಳು ಬಹುಮಟ್ಟಿಗೆ ಉಳಿದುಕೊಂಡುವು, ಬಲಿಯಾದುವು ಎಳೆಯ ಗಿಡಗಳು. ರಸ್ತೆಯಲ್ಲಿ ಹೋಗುವವನಿಗೆ ಮತ್ತಿ, ದಿಂಡಿಗ, ತೇಗಗಳು ಮೊದಲಿನಂತೆಯೇ ನಿಂತಿರುವುದು ಕಾಣುತ್ತದೆ. ಕಾಡಿಗೆ ಏನೂ ಆಗಿಲ್ಲವೆಂದು ಅವನು ತಿಳಿಯುತ್ತಾನೆ. ಹಿರಿಯರೆಲ್ಲ ಕ್ಷೇಮವಾಗಿದ್ದು ತೊಟ್ಟಿಲು ಬರಿದಾದ ಮನೆಯನ್ನು ಸುಖೀ ಸಂಸಾರವೆನ್ನಬಹುದೆ? ಕಾಡಿನ ಆರೋಗ್ಯದ ಮೊದಲ ಪ್ರಶ್ನೆ ಇದೇ: ಮರಗಳಿವೆ, ಮಕ್ಕಳಿದ್ದಾರೆಯೆ?

ಬಿಳಿಗಿರಿಯ ಲಂಟಾನ

ಮೂರನೆಯ ನಿದರ್ಶನ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ್ದು. ಸುಮಾರು 540 ಚದರ ಕಿಲೋಮೀಟರಿನ ಆ ಕಾಡಿನಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ 134 ತಾಕುಗಳನ್ನು ಪರೀಕ್ಷಿಸಿ, 2008ರಲ್ಲಿ ಮರಳಿ ಅವೇ ತಾಕುಗಳಿಗೆ ಹೋದರು. ಮೊದಲ ಸಲ ನೂರಕ್ಕೆ 41 ತಾಕುಗಳಲ್ಲಿ ಲಂಟಾನವಿತ್ತು. ಹನ್ನೊಂದು ವರ್ಷಗಳ ಅನಂತರ ನೂರಕ್ಕೆ 81ರಲ್ಲಿ ಅದು ಬೇರೂರಿತ್ತು. ಎಣಿಸಿದ ಕಾಂಡಗಳಲ್ಲಿ ಇಪ್ಪತ್ತಕ್ಕೆ ಒಂದಾಗಿದ್ದ ಲಂಟಾನ ಮೂರಕ್ಕೆ ಒಂದಾಗಿತ್ತು. 19ನೆಯ ಶತಮಾನದ ಆರಂಭದಲ್ಲಿ ಅಂದದ ಹೂಗಿಡವೆಂದು ಭಾರತಕ್ಕೆ ತಂದ ಈ ಪೊದೆ ದಟ್ಟವಾಗಿ ಹಬ್ಬಿದ ಕಡೆ ಸ್ಥಳೀಯ ಮರಗಳ ಬೀಜ ಬಿದ್ದರೂ ಸಸಿಗೆ ಬೆಳಕು ದೊರೆಯದು. ಇಲ್ಲಿಯೂ ಹಸಿರು ಕಡಿಮೆಯಾಗಲಿಲ್ಲ, ಹೆಚ್ಚಿತು. ಕಡಿಮೆಯಾದದ್ದು ಕಾಡು.

ಇಲ್ಲೊಂದು ಸಂಗತಿಯನ್ನು ನಾವು ಒತ್ತಿ ಹೇಳಬಯಸುತ್ತೇವೆ. ಸಂಶೋಧಕರು ಪುಸ್ತಕ ಹಿಡಿದು ಬರುವ ಮೊದಲೇ ಆ ಬೆಟ್ಟದ ಸೋಲಿಗರು ಈ ಬದಲಾವಣೆಯನ್ನು ಕಂಡಿದ್ದರು. ಬೇಸಿಗೆಯ ಆರಂಭದಲ್ಲಿ ನೆಲದ ತರಗೆಲೆಯನ್ನಷ್ಟೇ ಸುಡುವ ‘ತರಗು ಬೆಂಕಿ’ಯನ್ನು ಅವರ ಹಿರಿಯರು ಹಚ್ಚುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಆಗಿನಿಂದಲೇ ಲಂಟಾನ ಏರಿತು, ನೆಲ್ಲಿಯ ಮರಗಳಿಗೆ ತಾವು ‘ಉಪ್ಪಿಲು’ ಎಂದು ಕರೆಯುವ ಬಂದಳಿಕೆ ಹತ್ತಿತು ಎಂಬುದು ಸೋಲಿಗರ ಮಾತು. ಸಕಾಲದ ಸಣ್ಣ ಬೆಂಕಿಗೂ ಅಕಾಲದ ಕಾಳ್ಗಿಚ್ಚಿಗೂ ವ್ಯತ್ಯಾಸವುಂಟೆಂಬುದನ್ನು ವಿದ್ವಾಂಸರೂ ಈಗ ಚರ್ಚಿಸುತ್ತಿದ್ದಾರೆ. ಒಂದೇ ಕಾಡಿನಲ್ಲಿ ತಲೆಮಾರುಗಳಿಂದ ನಡೆದಾಡಿದವನ ಕಣ್ಣು ಕೂಡ ಒಂದು ದಫ್ತರವೇ. ಅದನ್ನು ಬರಹಕ್ಕಿಳಿಸಿದಾಗ ಇತರರೂ ಓದಬಹುದಾದ ದಫ್ತರವಾಗುತ್ತದೆ.

ಮನೆಯ ಮುಂದಿನ ಬೇವು, ಹೊಲದ ಶ್ರೀಗಂಧ

ದೂರದ ಬೆಟ್ಟಗಳ ಮಾತು ಅಂತಿರಲಿ. ಮನೆಯ ಮುಂದಿನ ಬೇವನ್ನು ನೋಡೋಣ. ಬೇವಿನ ಕೊಂಬೆಗಳ ತುದಿಯಿಂದ ಒಣಗುತ್ತ ಬರುವ ಒಂದು ರೋಗವುಂಟು. ಅದನ್ನುಂಟುಮಾಡುವ ಶಿಲೀಂಧ್ರವನ್ನು ಹೊಸದೊಂದು ಪ್ರಭೇದವೆಂದು 1997ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ವಾಂಸರು ವರ್ಣಿಸಿದರು. ಮಳೆಗಾಲದಲ್ಲಿ ತೊಡಗಿ ಮಾರ್ಗಶಿರದ ಹೊತ್ತಿಗೆ ಮರ ಸುಟ್ಟಂತೆ ಕಾಣುತ್ತದೆ. ಬೇಸಿಗೆಯ ಆರಂಭದಲ್ಲಿ ಮತ್ತೆ ಚಿಗುರುತ್ತದೆ. ಟೀ ಸೊಳ್ಳೆಯೆಂಬ ಕೀಟವೂ ಚಿಗುರಿನ ರಸ ಹೀರಿ ಇದೇ ರೀತಿ ಒಣಗಿಸುತ್ತದೆ. 2020-21ರಲ್ಲಿ ತೆಲಂಗಾಣ ಮೊದಲಾದೆಡೆ ಬೇವಿನ ಮರಗಳು ಸಾಲುಸಾಲಾಗಿ ಕಂದಿದಾಗ ಜನ ಗಾಬರಿಗೊಂಡು ಕಡಿಯಲು ಮುಂದಾದುದೂ ಉಂಟು. ಚಿಗುರುವ ಕಾಲದವರೆಗೆ ಕಾದು ನೋಡಿ, ಯಾವ ವರ್ಷ ಎಷ್ಟು ಪಾಲು ಒಣಗಿತು, ಎಷ್ಟು ಪಾಲು ಮರಳಿ ಚಿಗುರಿತು ಎಂದು ಬರೆದುಕೊಂಡವರಿಗೆ ಕೊಡಲಿಯ ಅವಸರವಿರುವುದಿಲ್ಲ.

ಶ್ರೀಗಂಧದ ಕಥೆ ಇದಕ್ಕಿಂತ ಗಂಭೀರವಾದುದು. ಎಲೆಗಳು ಕಿರಿದಾಗಿ, ಗೆಣ್ಣುಗಳು ಕುಗ್ಗಿ, ರೆಂಬೆ ಕದಿರಿನಂತೆ ನೆಟ್ಟಗೆ ನಿಲ್ಲುವ ‘ಸ್ಪೈಕ್’ ರೋಗವು ಕೊಡಗಿನಲ್ಲಿ ಮೊದಲು ವರದಿಯಾದದ್ದು 1899ರಲ್ಲಿ. ಅದರ ಕಾರಣವಾದ ಸೂಕ್ಷ್ಮಜೀವಿ ಪ್ರಬಲ ಸೂಕ್ಷ್ಮದರ್ಶಕದಲ್ಲಿ ಕಾಣಿಸಿದ್ದು 1969ರಲ್ಲಿ. ಎಪ್ಪತ್ತು ವರ್ಷಗಳ ಈ ನಡುವಣ ಕಾಲದಲ್ಲಿ ಮೈಸೂರು, ಕೊಡಗುಗಳ ಲಕ್ಷಾಂತರ ಮರಗಳು ಹೋದುವು. ರೋಗ ತಗುಲಿದ ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ, ಇಂದಿಗೂ ಖಚಿತವಾದ ಔಷಧಿಯಿಲ್ಲ. ಮೊದಲ ರೆಂಬೆಯಲ್ಲಿಯೇ ಗುರುತಿಸಿ ಆ ಮರವನ್ನು ತೆಗೆದರೆ ನೆರೆಯ ಮರಗಳ ಅಪಾಯ ಕಡಿಮೆಯಾಗುತ್ತದೆ. ಹೊಲದಲ್ಲಿ ಗಂಧ ಬೆಳೆಸುತ್ತಿರುವ ನಮ್ಮ ಕುಟುಂಬಗಳು ಇದನ್ನು ಅವಶ್ಯವಾಗಿ ಅರಿಯಬೇಕು.

ಯುರೋಪಿನ ದೇಶಗಳು ಈ ಪಾಠವನ್ನು ಕಲಿತದ್ದು ಭಯದಿಂದ. ಹೊಗೆಯ ಮಾಲಿನ್ಯದಿಂದ ಕಾಡುಗಳು ಸಾಯುತ್ತಿವೆಯೆಂಬ ಆತಂಕ ಜರ್ಮನಿಯಲ್ಲಿ ಎದ್ದಾಗ, 1985ರಲ್ಲಿ ಹಲವು ದೇಶಗಳು ಒಂದುಗೂಡಿ ಗೊತ್ತುಪಡಿಸಿದ ತಾಣಗಳಲ್ಲಿ ಓಕ್, ಬೀಚ್ ಮೊದಲಾದ ಮರಗಳ ನೆತ್ತಿಯನ್ನು ಪ್ರತಿವರ್ಷ ನೋಡಿ ಎಲೆ ಎಷ್ಟು ಪಾಲು ಕಡಿಮೆಯಾಗಿದೆಯೆಂದು ಬರೆಯತೊಡಗಿದುವು. ಹೊಗೆಯ ಮೇಲೆ ಹತೋಟಿ ಬಂದಿತು. ಕಾಡೆಲ್ಲ ಅಳಿಯುವುದೆಂಬ ಭಯ ನಿಜವಾಗಲಿಲ್ಲ. ಭಯ ಕಳೆದರೂ ಅವರು ಪುಸ್ತಕವನ್ನು ಮುಚ್ಚಲಿಲ್ಲ. ಆದಕಾರಣ 2018ರ ಬರದ ಅನಂತರ ಬೀಚ್ ಮರಗಳು ಸೊರಗಿದಾಗ, ಎಷ್ಟು ಸೊರಗಿದುವೆಂದು ಹಿಂದಿನ ವರ್ಷಗಳೊಡನೆ ಹೋಲಿಸಿ ಹೇಳಲು ಅವರಿಗೆ ಸಾಧ್ಯವಾಯಿತು.

ನಾವು ಮಾಡಬಹುದಾದುದು

ಹಳೆಯ ಮೈಸೂರು ಸೀಮೆಯ ಊರುಗಳಿಗೆ ಗುಂಡುತೋಪು ಎಂಬ ಒಂದು ಸಂಪತ್ತುಂಟು. ಮಾವು, ಹೊಂಗೆ, ಹಿಪ್ಪೆ, ನೇರಳೆ, ಹುಣಸೆಗಳನ್ನು ನೆಟ್ಟು ಊರಿಗೆಲ್ಲ ಸೇರಿದ ನೆರಳಾಗಿ ಬಿಟ್ಟ ಭೂಮಿ ಅದು. ಇಂತಹ ಎಷ್ಟೋ ತೋಪುಗಳಲ್ಲಿ ಇಂದು ಉಳಿದಿರುವುದು ಮುದಿ ಮರಗಳು ಮಾತ್ರ. ಅಡಿಯಲ್ಲಿ ಒಂದು ಸಸಿಯೂ ಇಲ್ಲ. ಒಂದೊಂದಾಗಿ ಅವು ಉರುಳಿದ ಮೇಲೆ ಬರಿಯ ಜಾಗ ಉಳಿಯುತ್ತದೆ. ಬರಿಯ ಜಾಗಕ್ಕೆ ಕಾಯುತ್ತಿರುವವರು ಯಾವ ಊರಿನಲ್ಲಿ ಇಲ್ಲ? ನಂಗಲಿಯ ಸುತ್ತಣ ಹಳ್ಳಿಗಳಲ್ಲಾಗಲಿ, ಓದುಗರು ಇರುವ ಬೇರೆ ಊರುಗಳಲ್ಲಾಗಲಿ, ತೋಪಿಗೊಂದು ಲೆಕ್ಕದ ಪುಸ್ತಕವನ್ನು ಇಡುವುದು ಕಷ್ಟವಾದ ಕೆಲಸವಲ್ಲ. ದಾಸೋಹಕ್ಕೆ ಬಂದ ಅಕ್ಕಿಯ ಲೆಕ್ಕವನ್ನು ಸೇರು ಪಾವಿನವರೆಗೆ ಬರೆದಿಡುವ ಮಠಗಳಿಗೆ ಇದು ಹೊಸದೂ ಅಲ್ಲ.

ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ, ಅಂದರೆ ಸುಮಾರು ನಾಲ್ಕು ಗುಂಟೆಯ ತಾಕನ್ನು ಆರಿಸಿ ನಾಲ್ಕು ಮೂಲೆಗಳಿಗೆ ಕಲ್ಲು ನೆಡಬೇಕು. ತೋಪು ಚಿಕ್ಕದಾದರೆ ಎಲ್ಲ ಮರಗಳನ್ನೂ ಸೇರಿಸಬಹುದು. ಮರಕ್ಕೊಂದು ಸಂಖ್ಯೆಯಿರಲಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಎಂದರೆ ಎದೆಯ ಮಟ್ಟದಲ್ಲಿ, ಬಣ್ಣದ ಗೆರೆ ಎಳೆದು ಅದೇ ಗೆರೆಯ ಮೇಲೆ ದರ್ಜಿಯ ಟೇಪಿನಿಂದ ಸುತ್ತಳತೆಯನ್ನು ತೆಗೆಯಬೇಕು. ಗೆರೆ ತಪ್ಪಿದರೆ ಬೆಳವಣಿಗೆಯ ಲೆಕ್ಕವೂ ತಪ್ಪುತ್ತದೆ. ಅನಂತರ ನೆತ್ತಿಯನ್ನು ನೋಡಿ, ಒಣಗಿದ ಪಾಲು ಏನೂ ಇಲ್ಲವೋ, ಕಾಲೋ, ಅರ್ಧವೋ, ಮುಕ್ಕಾಲೋ ಎಂದು ಬರೆಯಬೇಕು. ಬಂದಳಿಕೆ, ಗೆದ್ದಲು, ಕೊಡಲಿಯ ಗಾಯ, ಬೆಂಕಿಯ ಕಪ್ಪು ಇದ್ದರೆ ಅದನ್ನೂ ನಮೂದಿಸಬೇಕು. ಕೊನೆಯದಾಗಿ ತಾಕಿನೊಳಗಿನ ಸಸಿಗಳನ್ನು ಮೊಣಕಾಲೆತ್ತರದವು, ಸೊಂಟದೆತ್ತರದವು ಎಂದು ವಿಂಗಡಿಸಿ ಎಣಿಸಬೇಕು. ಬಹುಶಃ ಎಲ್ಲಕ್ಕಿಂತ ಮುಖ್ಯವಾದ ಅಂಕಣ ಇದೇ.

ಪ್ರತಿವರ್ಷವೂ ಒಂದೇ ತಿಂಗಳಿನಲ್ಲಿ ಈ ಕೆಲಸ ನಡೆಯಬೇಕು. ಕೋಲಾರ ಸೀಮೆಗೆ ಮಳೆಯ ಬಹುಪಾಲು ಸುರಿದು ಎಲೆ ತುಂಬಿರುವ ಕಾರ್ತಿಕ ಮಾಸ ಯೋಗ್ಯವಾದುದು. ಒಂದೇ ಸ್ಥಳದಲ್ಲಿ ನಿಂತು ಒಂದು ಚಿತ್ರವನ್ನೂ ತೆಗೆದಿಡಬಹುದು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಅದಕ್ಕೆ ಸಾಧನವಿದೆ. ಮನೆಯ ಹೆಣ್ಣುಮಕ್ಕಳೂ ಶಾಲೆಯ ಮಕ್ಕಳೂ ಬೇವು ಹೂಬಿಟ್ಟ ವಾರ, ಹೊಂಗೆ ಚಿಗುರಿದ ವಾರ, ಹುಣಸೆ ಕಾಯಾದ ವಾರಗಳನ್ನು ಬರೆಯಬಹುದು. ‘ಸೀಸನ್‌ವಾಚ್’ ಎಂಬ ಹೆಸರಿನಲ್ಲಿ ದೇಶದ ಹಲವೆಡೆ ವಿದ್ಯಾರ್ಥಿಗಳು ಇದನ್ನೇ ಮಾಡುತ್ತಿದ್ದಾರೆ. ಬಿಲ್ವಪತ್ರೆಯನ್ನು ದಿನವೂ ಕೊಯ್ಯುವ ಮನೆಯವರು ಆ ಮರದ ನೆತ್ತಿಯನ್ನೂ ವರ್ಷಕ್ಕೊಮ್ಮೆಯಾದರೂ ನೋಡಲಿ. ಅದರ ಬಳಿ ಒಂದು ಎಳೆಯ ಬಿಲ್ವ ಬೆಳೆಯುತ್ತಿದೆಯೇ ಎಂದು ವಿಚಾರಿಸಲಿ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದ್ದು, ಊರಿನ ಮರಗಿಡಗಳನ್ನೂ ಪ್ರಾಣಿಪಕ್ಷಿಗಳನ್ನೂ ಕುರಿತ ದಾಖಲಾತಿಯನ್ನು ಸಿದ್ಧಪಡಿಸಬೇಕು. ಒಮ್ಮೆ ಬರೆದು ಕಪಾಟಿನಲ್ಲಿಟ್ಟ ದಾಖಲಾತಿ ಹಳೆಯ ಜಾತಕದಂತೆ. ಹುಟ್ಟನ್ನು ಹೇಳುತ್ತದೆ, ಇಂದಿನ ಆರೋಗ್ಯವನ್ನು ಹೇಳುವುದಿಲ್ಲ. ತೋಪಿನ ಪುಸ್ತಕದ ಒಂದು ಪ್ರತಿಯನ್ನು ಪ್ರತಿವರ್ಷ ಪಂಚಾಯಿತಿಗೆ ಕೊಟ್ಟರೆ ಆ ದಾಖಲಾತಿಗೆ ಜೀವ ಬರುತ್ತದೆ. ತೋಪಿನ ಜಾಗ ಬರಿದಾಗಿದೆ, ಮಂಜೂರು ಮಾಡಿರೆಂದು ಯಾರಾದರೂ ಅರ್ಜಿ ಹಾಕಿದ ದಿನ, ಊರಿನವರ ಕೈಯಲ್ಲಿ ಬರಿಯ ಮಾತಿರುವುದಿಲ್ಲ, ಬರಹವಿರುತ್ತದೆ.

1950ರಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಪ್ರಾರಂಭಿಸಿದ ಮೇಲೆ ನಾವು ಎಪ್ಪತ್ತಕ್ಕೂ ಹೆಚ್ಚು ಆಷಾಢಗಳನ್ನು ಕಂಡಿದ್ದೇವೆ. ಪ್ರತಿವರ್ಷವೂ ಎಷ್ಟು ಸಸಿ ನೆಟ್ಟರೆಂಬ ಸಂಖ್ಯೆ ಪತ್ರಿಕೆಗಳಲ್ಲಿ ಬರುತ್ತದೆ. ಮೂರು ವರ್ಷಗಳ ಅನಂತರ ಅವುಗಳಲ್ಲಿ ಎಷ್ಟು ಉಳಿದವೆಂಬ ಸಂಖ್ಯೆ ಬರುವುದು ಅಪರೂಪ. ನೆಡುವ ದಿನ ಹಾರ ತುರಾಯಿಗಳಿರುತ್ತವೆ, ಎಣಿಸುವ ದಿನ ಯಾರೂ ಇರುವುದಿಲ್ಲ. ಮುಂಬರುವ ಕಾರ್ತಿಕದಲ್ಲಿ ತಮ್ಮ ಊರಿನ ತೋಪಿಗೆ ಹೋಗಿ, ಮೊದಲ ಮರಕ್ಕೆ ಒಂದನೆಯ ಸಂಖ್ಯೆಯನ್ನು ಬರೆದು, ಅದರ ಸುತ್ತಳತೆಯನ್ನು ಪುಸ್ತಕದ ಮೊದಲ ಸಾಲಿನಲ್ಲಿ ದಾಖಲಿಸಬೇಕೆಂದು ನಾವು ಬಂಧುಗಳಲ್ಲಿ ಕೇಳಿಕೊಳ್ಳುತ್ತೇವೆ. ಎರಡನೆಯ ವರ್ಷದ ಅಂಕಣವನ್ನು ತಾವೇ ತುಂಬಬಹುದು. ಇಪ್ಪತ್ತನೆಯ ವರ್ಷದ ಅಂಕಣವನ್ನು ತುಂಬಬೇಕಾದವರು ಈಗ ಶಾಲೆಯಲ್ಲಿದ್ದಾರೆ. ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಅವರನ್ನೂ ಕರೆದುಕೊಂಡು ಹೋಗಿರಿ.